ಮಾತ್ರೆ ನುಂಗುತ್ತಿದ್ದರೂ ಮತ್ತೆ ಫಿಟ್ಸ್ ಬಂದರೆ

ಸಾವನದುರ್ಗದ ತಪ್ಪಲಿನ ನಮ್ಮೂರಲ್ಲಿ ಮಕ್ಕಳ ತಲೆಗೆ ನೀರು ಹುಯ್ಯುವುದು ದೊಡ್ಡ ಕೆಲಸ. ಬಚ್ಚಲೊಲೆಗೆ ಸೌದೆ ಒಟ್ಟಿ, ಹಂಡೆ ತುಂಬ ನೀರು ಕಾಯಿಸಿ, ಮೈಗೆಲ್ಲ ಹರಳೆಣ್ಣೆ ತಿಕ್ಕಿ, ಚೊಂಬಿನ ಮೇಲೆ ಚೊಂಬು ಸುಡುನೀರು ಹುಯ್ದರೇ ಅಜ್ಜಿಯರಿಗೆ ಸಮಾಧಾನ. ನನ್ನ ಮಗನಿಗೆ ಫಿಟ್ಸ್ ಶುರುವಾದದ್ದು ಆ ಬಚ್ಚಲಲ್ಲೇ. ತಲೆ ಮೇಲೆ ನೀರು ಬೀಳುತ್ತಿದ್ದಂತೆ ಮಾತು ನಿಲ್ಲುತ್ತಿತ್ತು, ನೋಟ ಒಂದೇ ಕಡೆ ನೆಡುತ್ತಿತ್ತು, ಏನೋ ತೊದಲುತ್ತಿದ್ದ. ಒಂದು ಸಲ ಕೈಕಾಲೂ ಸೆಟೆದುಕೊಂಡವು. “ಗಾಳಿ ಸೋಕೈತೆ ಕಣವ್ವ, ತಾಯತ ಕಟ್ಸು” ಎಂದರು ಅತ್ತೆ.

ಗಾಳಿಯೂ ಅಲ್ಲ, ಗ್ರಹವೂ ಅಲ್ಲ. ವೈದ್ಯರು ಇದನ್ನು ಬಿಸಿನೀರಿನ ಅಪಸ್ಮಾರ ಎನ್ನುತ್ತಾರೆ. ಜಗತ್ತಿನ ಬೇರೆ ಕಡೆ ಇದು ಬಲು ಅಪರೂಪ. 1945ರಲ್ಲಿ ನ್ಯೂಜಿಲೆಂಡಿನಿಂದ ಮೊದಲ ವರದಿ ಬಂದಿತ್ತು. ನಮ್ಮ ದಕ್ಷಿಣ ಕರ್ನಾಟಕದಲ್ಲಿ ಮಾತ್ರ ಇದು ಅಷ್ಟು ಅಪರೂಪವಲ್ಲ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಇದರ ಬಗ್ಗೆ ಬರೆದರು. 1988ರಲ್ಲಿ ಬೆಂಗಳೂರಿನದೇ ನಿಮ್ಹಾನ್ಸ್ ಆಸ್ಪತ್ರೆಯ ಡಾ. ಪಿ. ಸತೀಶ್ಚಂದ್ರ ಮತ್ತು ಅವರ ತಂಡ 279 ರೋಗಿಗಳ ವಿವರ ಪ್ರಕಟಿಸಿತು. ಬಿಸಿನೀರು ತಲೆಯ ಮೇಲೆ ಬಿಡುವಿಲ್ಲದೆ ಬೀಳುವುದೇ ಇಲ್ಲಿ ತೊಂದರೆ. ಕೆಲವು ಮಕ್ಕಳಿಗೆ ಉಗುರುಬೆಚ್ಚಗಿನ ನೀರು ಸಾಕು, ಔಷಧಿಯೇ ಬೇಡ. ಕೆಲವರಿಗೆ ತಲೆಗೆ ನೀರು ಹಾಕುವ ದಿನ ಮುಂಚೆಯೇ ಒಂದು ಮಾತ್ರೆ ಕೊಡಿಸುತ್ತಾರೆ. ಇನ್ನು ಕೆಲವರಿಗೆ ಸ್ನಾನವಿಲ್ಲದ ಹೊತ್ತಲ್ಲೂ ಫಿಟ್ಸ್ ಬರತೊಡಗುತ್ತದೆ. ಅಂಥವರು ದಿನವೂ ಮಾತ್ರೆ ನುಂಗಬೇಕು. ನನ್ನ ಮಗ ಈ ಕೊನೆಯ ಗುಂಪಿನವನು.

ಮಾತ್ರೆ ಶುರುವಾದ ಮೇಲೆ ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಇನ್ನು ವಾಸಿಯಾಯಿತು ಎಂದುಕೊಳ್ಳುವಷ್ಟರಲ್ಲಿ ಒಂದು ಬೆಳಗಿನ ಜಾವ ಮತ್ತೆ ಬಂತು. ಮೊದಲ ಸಲ ಬಂದಾಗ ಅದೇನೆಂದೇ ಗೊತ್ತಿರಲಿಲ್ಲ. ಈ ಸಲ ಎಲ್ಲ ಗೊತ್ತಿತ್ತು, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. ಆಮೇಲೆ ರಾತ್ರಿ ಅವನು ಮಗ್ಗುಲು ಬದಲಿಸಿದರೂ ನಾನು ಎದ್ದು ಕೂರುತ್ತಿದ್ದೆ. ಫಿಟ್ಸ್ ಇರುವ ಮಕ್ಕಳ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಾತ್ರೆ ತಪ್ಪಿಸದಿದ್ದರೂ ಯಾಕೆ ಬರುತ್ತದೆ? ಮಿದುಳಿನ ಜೀವಕೋಶಗಳು ಸಣ್ಣ ವಿದ್ಯುತ್ ಸಂಕೇತಗಳಿಂದ ಕೆಲಸ ಮಾಡುತ್ತವೆ. ಆ ವಿದ್ಯುತ್ತು ಒಮ್ಮೆಲೇ ಅಳತೆ ಮೀರಿ ಹರಿದರೆ ಫಿಟ್ಸ್. ಮಾತ್ರೆ ರೋಗದ ಬೇರು ಕೀಳುವುದಿಲ್ಲ, ಕೆರೆ ಏರಿಯಂತೆ ತಡೆದು ನಿಲ್ಲಿಸುತ್ತದೆ. ಏರಿ ತಗ್ಗಾದರೂ ಕೋಡಿ ಬೀಳುತ್ತದೆ, ನೀರು ಹೆಚ್ಚಾದರೂ ಬೀಳುತ್ತದೆ.

ಏರಿ ತಗ್ಗುವುದೆಂದರೆ ಔಷಧಿ ಸಾಲದಾಗುವುದು. ಒಂದು ಹೊತ್ತಿನ ಮಾತ್ರೆ ಮರೆತಿರಬಹುದು. ನುಂಗಿದ ಕೂಡಲೇ ವಾಂತಿಯಾಗಿರಬಹುದು. ಮಕ್ಕಳಿಗೆ ಡೋಸ್ ಬರೆಯುವುದು ತೂಕ ನೋಡಿ. ಮಗು ಬೆಳೆದಂತೆ ಹಳೆಯ ಡೋಸ್ ಸಾಲದೆ ಹೋಗಬಹುದು. ಆದ್ದರಿಂದ ಫಿಟ್ಸ್ ಬರದಿದ್ದರೂ ಹೇಳಿದ ದಿನಕ್ಕೆ ಹೋಗಿ ತೂಕ ಹಾಕಿಸಬೇಕು. ಬೇರೆ ಕಾಯಿಲೆಗೆ ಬೇರೆ ವೈದ್ಯರ ಬಳಿ ಹೋದಾಗ ಫಿಟ್ಸ್ ಮಾತ್ರೆಯ ಚೀಟಿ ತೋರಿಸಬೇಕು, ಏಕೆಂದರೆ ಕೆಲವು ಆಂಟಿಬಯೋಟಿಕ್‌ಗಳು ಇದರ ಜೊತೆ ಹೊಂದುವುದಿಲ್ಲ. ಚೆನ್ನಾಗಿದ್ದಾನಲ್ಲ ಎಂದು ತಾವೇ ಮಾತ್ರೆ ನಿಲ್ಲಿಸುವುದಂತೂ ಎಲ್ಲಕ್ಕಿಂತ ಅಪಾಯ. ಸಾಮಾನ್ಯವಾಗಿ ಎರಡು ವರ್ಷ ಫಿಟ್ಸ್ ಇಲ್ಲದೆ ಕಳೆದ ಮೇಲೆ ವೈದ್ಯರು ಅದರ ಬಗ್ಗೆ ಯೋಚಿಸುತ್ತಾರೆ, ಆಗಲೂ ನಿಧಾನವಾಗಿ ಇಳಿಸುತ್ತಾರೆ.

ನೀರು ಹೆಚ್ಚುವುದು ಜ್ವರದಿಂದ, ನಿದ್ದೆಗೇಡಿನಿಂದ. ನಮ್ಮದು ರೇಷ್ಮೆ ಬೆಳೆಯುವ ಮನೆ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳು ಹಗಲು ರಾತ್ರಿ ಸೊಪ್ಪು ಬೇಡುತ್ತದೆ. ಹಣ್ಣಾದಾಗ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡುವ ತನಕ ಮನೆಯಲ್ಲಿ ದೀಪ ಆರುವುದಿಲ್ಲ, ಮಾತು ನಿಲ್ಲುವುದಿಲ್ಲ. ಮತ್ತೆ ಫಿಟ್ಸ್ ಬಂದದ್ದು ಅಂಥ ವಾರದಲ್ಲೇ. “ಮಗು ಎಷ್ಟು ಗಂಟೆ ನಿದ್ದೆ ಮಾಡ್ತಾನಮ್ಮ?” ಎಂದು ವೈದ್ಯರು ಕೇಳಿದಾಗ ನನಗೆ ಎಲ್ಲ ಜೋಡಿಸಿದಂತಾಯಿತು. ಈಗ ಹುಳು ಹಣ್ಣಾಗುವ ದಿನಗಳಲ್ಲಿ ಅವನು ಚಿಕ್ಕಪ್ಪನ ಮನೆಯಲ್ಲಿ ಮಲಗುತ್ತಾನೆ. ಮಾಗಡಿ ಜಾತ್ರೆಯಲ್ಲಿ ತೇರು ನೋಡುತ್ತಾನೆ, ರಾತ್ರಿಯ ನಾಟಕಕ್ಕೆ ಕೂರುವುದಿಲ್ಲ.

ಇದನ್ನೆಲ್ಲ ಬರೆದಿಡಲು ಒಂದು ನೋಟ್‌ಬುಕ್ ಸಾಕು. ಯಾವಾಗ ಬಂತು, ಎಷ್ಟು ಹೊತ್ತಿತ್ತು, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು, ಜ್ವರ ಇತ್ತೇ, ಮಾತ್ರೆ ತಪ್ಪಿತ್ತೇ. ಸಾಧ್ಯವಾದರೆ ಮನೆಯವರೊಬ್ಬರು ಮೊಬೈಲಲ್ಲಿ ವಿಡಿಯೊ ಹಿಡಿಯಲಿ. ವೈದ್ಯರಿಗೆ ನಮ್ಮ ವರ್ಣನೆಗಿಂತ ಅದು ಹೆಚ್ಚು ಹೇಳುತ್ತದೆ.

ಎಷ್ಟು ಹುಡುಕಿದರೂ ಕಾರಣ ಸಿಗದ ಸಲವೂ ಇರುತ್ತದೆ. ಆಗ ತಾಯಿಯನ್ನಾಗಲಿ ಮಗುವನ್ನಾಗಲಿ ದೂರಬಾರದು. ಸರಿಯಾದ ಚಿಕಿತ್ಸೆ ಸಿಕ್ಕರೆ ನೂರರಲ್ಲಿ ಎಪ್ಪತ್ತು ಮಂದಿ ಫಿಟ್ಸ್ ಇಲ್ಲದೆ ಬದುಕಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸರಿಯಾಗಿ ಆರಿಸಿದ ಎರಡು ಔಷಧಿಗಳಿಗೂ ಬಗ್ಗದಿದ್ದರೆ ನಿಮ್ಹಾನ್ಸ್‌ನಂಥ ಕಡೆ ತೋರಿಸಬೇಕು. ಅಂಥವರಲ್ಲಿ ಕೆಲವರಿಗೆ ವಿಶೇಷ ಪಥ್ಯ, ಕೆಲವರಿಗೆ ಶಸ್ತ್ರಚಿಕಿತ್ಸೆ ಕೆಲಸ ಮಾಡುತ್ತದೆ.

ಫಿಟ್ಸ್ ಬಂದಾಗ ಏನು ಮಾಡಬೇಕು? ಮೊದಲು ಗಡಿಯಾರ ನೋಡಿ. ಒಲೆ, ಕಲ್ಲು, ಕುಡುಗೋಲಿನಂಥವನ್ನು ದೂರ ಸರಿಸಿ, ತಲೆಯಡಿ ಮೆತ್ತನೆಯದೇನಾದರೂ ಇಡಿ, ಒಂದು ಮಗ್ಗುಲಿಗೆ ಹೊರಳಿಸಿ. ಕೈಕಾಲು ಅದುಮಿ ಹಿಡಿಯಬೇಡಿ. ಬಾಯಿಗೆ ಚಮಚ, ಬಟ್ಟೆ, ನೀರು ಏನನ್ನೂ ಹಾಕಬೇಡಿ. ಕೈಗೆ ಬೀಗದ ಕೈ ಕೊಟ್ಟರೆ, ಈರುಳ್ಳಿ ಮೂಸಿಸಿದರೆ ನಿಲ್ಲುತ್ತದೆ ಎನ್ನುತ್ತಾರಲ್ಲ, ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುವುದರಿಂದ ಹಾಗೆ ಕಾಣುತ್ತದೆ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಇನ್ನೊಂದು ಬಂದರೆ, 108ಕ್ಕೆ ಫೋನ್ ಮಾಡಿ. ಮೂಗಿಗೆ ಹಾಕುವ ಮಿಡಜೋಲಮ್ ಸ್ಪ್ರೇ ಬರೆದುಕೊಟ್ಟಿದ್ದರೆ ವೈದ್ಯರು ಹೇಳಿದಂತೆ ಬಳಸಿ.

ಇವೆಲ್ಲ ತಾಯಿಗೊಬ್ಬಳಿಗೇ ಗೊತ್ತಿದ್ದರೆ ಅವಳು ಮಗುವನ್ನು ಬಿಟ್ಟು ಅಲ್ಲಾಡುವಂತಿಲ್ಲ, ಮಗುವೂ ಅವಳನ್ನು ಬಿಟ್ಟು ಎಲ್ಲಿಗೂ ಹೋಗುವಂತಿಲ್ಲ. “ಯಾರ ಮುಂದೂ ಆಡ್ಬೇಡ ಕಣವ್ವ, ನಾಳೆ ಮದ್ವೆಗೆ ತೊಂದ್ರೆ” ಎಂದು ನೆಂಟರು ಹೇಳಿದ್ದುಂಟು. ಆದರೆ 1999ರಲ್ಲೇ ಹಿಂದೂ ವಿವಾಹ ಕಾಯ್ದೆಯಿಂದ ಅಪಸ್ಮಾರದ ಅಡ್ಡಿ ತೆಗೆದುಹಾಕಲಾಗಿದೆ. ನಿಮ್ಹಾನ್ಸ್ ತಂಡ ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿದಾಗ ಹಳ್ಳಿಗಾಡಿನಲ್ಲಿ ಸಾವಿರಕ್ಕೆ ಸುಮಾರು 12 ಮಂದಿಗೆ ಅಪಸ್ಮಾರ ಕಂಡಿತು, ನಗರದಲ್ಲಿ ಅದರ ಅರ್ಧದಷ್ಟು. ಹಾಗಿದ್ದರೆ ನಮ್ಮ ಸುತ್ತಲ ಊರುಗಳಲ್ಲಿ ನಮ್ಮದೊಂದೇ ಮನೆಯಲ್ಲ. ಮುಚ್ಚಿಟ್ಟಷ್ಟೂ ಸಹಾಯಕ್ಕೆ ಬರುವವರು ಕಡಿಮೆಯಾಗುತ್ತಾರೆ.

ನಾನು ಶಾಲೆಯ ಮೇಷ್ಟ್ರಿಗೆ, ಆಟೋದವರಿಗೆ, ಅವನ ಗೆಳೆಯರಿಗೆ ಎಲ್ಲ ಹೇಳಿದೆ. ಮೊದಮೊದಲು ತಾಯತ ಎನ್ನುತ್ತಿದ್ದ ಅತ್ತೆಯೇ ಈಗ “ನಾನ್ ಟೈಮ್ ನೋಡ್ಕತೀನಿ, ನೀನು ಮಗ್ಗುಲಿಗೆ ಹೊಳ್ಳಿಸು” ಎನ್ನುತ್ತಾರೆ. ಕೆಲವಕ್ಕೆ ನಮ್ಮಲ್ಲಿ ಗಟ್ಟಿ ನಿಯಮವಿದೆ: ಬಚ್ಚಲಿಗೆ ಚಿಲಕವಿಲ್ಲ, ಬಾವಿಯಲ್ಲಿ, ಮಂಚನಬೆಲೆ ಹಿನ್ನೀರಲ್ಲಿ ಈಜಿಲ್ಲ, ಮರ ಹತ್ತುವಂತಿಲ್ಲ. 1226 ಮೀಟರ್ ಎತ್ತರದ ಸಾವನದುರ್ಗದ ಬೋಳುಬಂಡೆ ಸದ್ಯಕ್ಕೆ ಬೇಡ. ಆದರೆ ಬೆಟ್ಟದ ಬುಡದ ವೀರಭದ್ರಸ್ವಾಮಿ ಗುಡಿಗೆ ಗೆಳೆಯರ ಜೊತೆ ನಡೆದು ಹೋಗುತ್ತಾನೆ, ಕಬಡ್ಡಿ ಆಡುತ್ತಾನೆ, ಶಾಲೆಯ ಪ್ರವಾಸಕ್ಕೂ ಹೋಗುತ್ತಾನೆ.

ಮತ್ತೆ ಬರಬಹುದು ಎಂಬ ಭಯ ನನ್ನನ್ನು ಬಿಟ್ಟಿಲ್ಲ, ಬಿಡುತ್ತದೆ ಎಂದು ಸುಳ್ಳು ಹೇಳಲಾರೆ. ಆ ಭಯವನ್ನು ಮಾತ್ರೆಯ ಹೊತ್ತು, ನಿದ್ದೆಯ ಹೊತ್ತು ನೋಡುವ ಕೆಲಸಕ್ಕೆ ಹಚ್ಚಿದ್ದೇನೆ. ಮಗನನ್ನು ಕಟ್ಟಿಹಾಕಲು ಬಿಟ್ಟಿಲ್ಲ. ನಿಮ್ಮ ಮನೆಯಲ್ಲೂ ಇಂಥ ಮಗುವಿದ್ದರೆ ನಾಳೆಯೇ ಶಾಲೆಗೆ ಹೋಗಿ ಹೇಳಿ. ಇಲ್ಲದಿದ್ದರೆ, ಬಸ್ಸಲ್ಲೋ ಸಂತೆಯಲ್ಲೋ ಯಾರ ಮಗುವಾದರೂ ಬಿದ್ದಾಗ ಗುಂಪು ಸರಿಸಿ, ಮಗುವನ್ನು ಮಗ್ಗುಲಿಗೆ ಹೊರಳಿಸಿ, ಎಚ್ಚರವಾಗುವ ತನಕ ಜೊತೆಗಿರಿ.