ಮೊಬೈಲ್ ಗಾಯನವೂ ಅನುರಣನದ ಆಯ್ಕೆಯೂ

ಕಂಚಿನ ಗಂಟೆಯನ್ನು ಒಮ್ಮೆ ಬಾರಿಸಿದರೆ ಪೆಟ್ಟು ಕ್ಷಣಮಾತ್ರದಲ್ಲಿ ಮುಗಿಯುವುದು. ಅದರ ನಾದವು ಮಾತ್ರ ಬಹಳ ಹೊತ್ತು ನಿಂತಿರುವುದು. ಹೀಗೆ ಬೆಂಬತ್ತಿ ಬರುವ ನಾದವನ್ನು ನಮ್ಮ ಶಾಸ್ತ್ರಕಾರರು ಅನುರಣನವೆಂದು ಕರೆದರು. 13ನೆಯ ಶತಮಾನದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಸ್ವರದ ಲಕ್ಷಣವನ್ನು ಹೇಳುವಾಗ ಸ್ನಿಗ್ಧತೆಯೊಡನೆ ಅನುರಣನವನ್ನೂ ಸೇರಿಸಿರುವನು.

ಈಗ ಮೊಬೈಲಿನಲ್ಲಿಯೇ ಹಾಡನ್ನು ಮುದ್ರಿಸಿಕೊಳ್ಳುವ ರೂಢಿಯು ಮನೆಗಳಲ್ಲಿ ಬೆಳೆದಿದೆ. ಹಾಸಿಗೆ ಬಟ್ಟೆಗಳು ತುಂಬಿದ ಚಿಕ್ಕ ಕೋಣೆಯು ನಾದವನ್ನು ಹೀರಿಬಿಡುವುದರಿಂದ ಹಾಡು ಒಣಗಿದಂತೆ ಕೇಳಿಸುವುದುಂಟು. ಈ ಶುಷ್ಕತೆಯನ್ನು ನೀಗಲು ಬೆರೆಸುವ ಕೃತಕ ಅನುರಣನಕ್ಕೆ ರಿವರ್ಬ್ ಎಂದು ಹೆಸರು. ಅದನ್ನು ಒದಗಿಸುವ ಆ್ಯಪುಗಳು ಹೇರಳವಾಗಿರುವುದರಿಂದ ಆಯ್ಕೆಯ ಕ್ರಮವನ್ನು ಇಲ್ಲಿ ವಿಚಾರಿಸುವೆವು.

ಮೊದಲು ಪ್ರತಿಧ್ವನಿಗೂ ಅನುರಣನಕ್ಕೂ ಇರುವ ಭೇದವನ್ನು ತಿಳಿಯತಕ್ಕದ್ದು. 17 ಮೀಟರ್ ದೂರದ ಗೋಡೆಗೆ ತಾಗಿದ ಶಬ್ದವು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಮರಳುವುದು. ಆಗ ಅದು ಬೇರೆ ಶಬ್ದವಾಗಿಯೇ ಕೇಳುವುದು. ಇದು ಪ್ರತಿಧ್ವನಿ. ವಿಜಯಪುರದ ಗೋಲಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದವರೆಲ್ಲರೂ ಇದನ್ನು ಬಲ್ಲರು. ಮರಳಿದ ಶಬ್ದಗಳು ಅಸಂಖ್ಯವಾಗಿ ಒತ್ತೊತ್ತಾಗಿ ಬಂದು ಒಂದರಲ್ಲೊಂದು ಕರಗಿದರೆ ಅದೇ ಅನುರಣನ.

ಇದು ಹಿತಮಿತವಾಗಿರಬೇಕೆಂಬುದಕ್ಕೆ ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಪ್ರಸಂಗವೇ ಸಾಕ್ಷಿ. ಅಲ್ಲಿಯ ಫಾಗ್ ಕಲಾಸಂಗ್ರಹಾಲಯದ ಉಪನ್ಯಾಸಮಂದಿರದಲ್ಲಿ ಆಡಿದ ಮಾತು ಸುಮಾರು 5½ ಸೆಕೆಂಡು ಉಳಿಯುತ್ತಿದ್ದಿತು. ಒಂದು ಪದವು ಅಡಗುವ ಮೊದಲೇ ಹತ್ತಾರು ಪದಗಳು ಮೇಲೆ ಬಿದ್ದು, ಕೇಳುವವರಿಗೆ ಅರ್ಥವೇ ಆಗುತ್ತಿರಲಿಲ್ಲ. 1895ರಲ್ಲಿ ವಾಲೇಸ್ ಸಬೈನ್ ಎಂಬ ಪಂಡಿತನು ಈ ಕೆಲಸಕ್ಕೆ ತೊಡಗಿ, ಮೆತ್ತೆಗಳನ್ನು ತಂದಿರಿಸಿ, ಒಂದೊಂದು ಸಲವೂ ನಾದವು ಎಷ್ಟು ಹೊತ್ತು ನಿಲ್ಲುವುದೆಂಬುದನ್ನು ಅಳೆದನು. ಸಭಾಂಗಣಗಳ ನಾದಶಾಸ್ತ್ರವು ಹುಟ್ಟಿದುದು ಹೀಗೆ. ಕಟ್ಟಡದ ಈ ದೋಷವನ್ನೇ ಮೊಬೈಲಿನಲ್ಲಿ ಒಂದು ಬೆರಳಿನಿಂದ ಉಂಟುಮಾಡಬಹುದೆಂಬುದನ್ನು ಮರೆಯಬಾರದು.

ಕೃತಕ ರಿವರ್ಬ್ ಎರಡು ಬಗೆ. ಮೊದಲನೆಯದು ಗಣಿತದಿಂದಲೇ ಅನುರಣನವನ್ನು ಕಟ್ಟುವುದು. ಮ್ಯಾನ್‌ಫ್ರೆಡ್ ಶ್ರೋಡರನು 1960ರ ದಶಕದ ಆರಂಭದಲ್ಲಿ ಇದಕ್ಕೆ ದಾರಿ ತೋರಿದನು. ಇದರಲ್ಲಿ ನಾದದ ಕಾಲವನ್ನು ಇಷ್ಟದಂತೆ ಹಿಗ್ಗಿಸಿ ಕುಗ್ಗಿಸಬಹುದು. ಎರಡನೆಯದು ನಿಜವಾದ ಮಂದಿರವೊಂದರಲ್ಲಿ ಶಬ್ದವನ್ನು ಹೊಮ್ಮಿಸಿ, ಆ ಸ್ಥಳದ ಉತ್ತರವನ್ನು ಮುದ್ರಿಸಿ, ಅದನ್ನು ನಮ್ಮ ಹಾಡಿಗೆ ಅನ್ವಯಿಸುವುದು. ಇದು ಸಹಜವಾಗಿ ಕೇಳುವುದು. ಆದರೆ ಮೊಬೈಲಿಗೆ ದುಡಿಮೆ ಹೆಚ್ಚು.

ಇನ್ನು ಆಯ್ಕೆ. ಆ್ಯಪಿನಲ್ಲಿ ನಾವು ಮೊದಲು ನೋಡತಕ್ಕದ್ದು ಮೂಲಧ್ವನಿಯು ಬೇರೆಯಾಗಿ ಉಳಿಯುವುದೋ ಇಲ್ಲವೋ ಎಂಬುದನ್ನು. ಅಜ್ಜಿಯು ಹಾಡಿದ ಸೋಬಾನೆ ಪದವನ್ನು ರಿವರ್ಬಿನೊಡನೆಯೇ ಮುದ್ರಿಸಿ, ಮೂಲವನ್ನು ಕಳೆದುಕೊಂಡೆವೆಂದಿಟ್ಟುಕೊಳ್ಳೋಣ. ಹಾಲಿಗೆ ಬೆರೆತ ನೀರಿನಂತೆ ಅದನ್ನು ಮತ್ತೆ ಬೇರ್ಪಡಿಸುವುದು ಕಷ್ಟಸಾಧ್ಯ. ಮುಂದೆ ಮೊಮ್ಮಕ್ಕಳು ಆ ಪದಗಳನ್ನು ಕಲಿಯಬೇಕೆಂದರೆ ಅಕ್ಷರಗಳೇ ತಿಳಿಯವು. ಆದುದರಿಂದ ಮುದ್ರಣವು ಶುಷ್ಕವಾಗಿಯೇ ಇರಲಿ. ರಿವರ್ಬನ್ನು ಆಮೇಲೆ ಮೇಲುಹೊದಿಕೆಯಂತೆ ಸೇರಿಸಿ, ಬೇಡವಾದಾಗ ತೆಗೆಯುವಂತಿರಲಿ.

ಎರಡನೆಯದಾಗಿ, ಮೂರು ತಿರುಗುಗುಂಡಿಗಳಾದರೂ ಕೈಗೆ ಸಿಕ್ಕಬೇಕು: ನಾದವು ನಿಲ್ಲುವ ಕಾಲ, ಅನುರಣನವು ಆರಂಭವಾಗುವ ಮುನ್ನಿನ ವಿರಾಮ, ಬೆರೆಸುವ ಪ್ರಮಾಣ. ಕಾಲವು ಒಂದರಿಂದ ಒಂದೂವರೆ ಸೆಕೆಂಡು ಇದ್ದರೆ ಸಾಹಿತ್ಯಪ್ರಧಾನವಾದ ದೇವರನಾಮಕ್ಕೆ ಸಾಕು. ವಿಳಂಬದ ಆಲಾಪನೆಗೆ ಎರಡಕ್ಕಿಂತ ಹೆಚ್ಚಾದರೂ ಸಹ್ಯವೇ. ಮುನ್ನಿನ ವಿರಾಮವನ್ನು ಸೆಕೆಂಡಿನ ಸಾವಿರದಲ್ಲಿ 20ರಿಂದ 40 ಭಾಗವಿಟ್ಟರೆ ಅಕ್ಷರವು ಸ್ಪಷ್ಟವಾಗಿ ಹೊರಟ ಮೇಲೆಯೇ ಅನುರಣನವು ಹಿಂದೆ ಬರುವುದು. ತಂಬೂರಿಗೂ ಮೃದಂಗಕ್ಕೂ ಬಹು ಸ್ವಲ್ಪ ಸಾಕು. ಹೆಚ್ಚಾದರೆ ಶ್ರುತಿಯು ಕಲಸಿ, ಪೆಟ್ಟುಗಳು ಮಸುಕಾಗುವುವು.

ಐಫೋನ್, ಐಪ್ಯಾಡುಗಳುಳ್ಳವರಿಗೆ ಗ್ಯಾರೇಜ್‌ಬ್ಯಾಂಡ್ ಉಚಿತವಾಗಿ ದೊರೆಯುವುದು. ಆಂಡ್ರಾಯ್ಡ್ ಉಳ್ಳವರಿಗೆ ಬ್ಯಾಂಡ್‌ಲ್ಯಾಬ್ ಇದೆ. ಎರಡರಲ್ಲಿಯೂ ರಿವರ್ಬ್ ಅಡಕವಾಗಿಯೇ ಇರುವುದರಿಂದ ಮೊದಲು ಅವುಗಳಲ್ಲಿ ಕಿವಿಯನ್ನು ಪಳಗಿಸಿ, ಅನಂತರ ಹಣವನ್ನು ವೆಚ್ಚಮಾಡುವುದು ಲೇಸು. ಆ್ಯಪಲ್ ಸಾಧನಗಳಿಗೆ ದೊರೆಯುವ ಆಲ್ಟಿಸ್ಪೇಸ್ ಮೇಲೆ ಹೇಳಿದ ಎರಡನೆಯ ಬಗೆಯದು. ಈವೆಂಟೈಡ್ ಸಂಸ್ಥೆಯ ಬ್ಲ್ಯಾಕ್‌ಹೋಲ್ ಆಕಾಶದಷ್ಟು ವಿಶಾಲವಾದ ನಾದವನ್ನು ಕೊಡುವುದು. ವಾದ್ಯದ ಕಲ್ಪನಾವಿಲಾಸಕ್ಕೆ ಅದು ಯೋಗ್ಯ, ಪದವುಳ್ಳ ಹಾಡಿಗೆ ಅಲ್ಲ.

ಪರೀಕ್ಷೆಯು ಸುಲಭ. ಹಾಡನ್ನೇ ತಿಳಿಯದ ಒಬ್ಬರನ್ನು ಕರೆದು ಕೇಳಿಸಿ, ಸಾಹಿತ್ಯವನ್ನು ಬರೆಯಿಸಬೇಕು. ಬರೆದುದರಲ್ಲಿ ತಪ್ಪುಗಳು ಬಂದರೆ ಪ್ರಮಾಣವನ್ನು ಇಳಿಸಬೇಕು. ಸೊನ್ನೆಯಿಂದ ಮೆಲ್ಲನೆ ಏರಿಸುತ್ತ, ರಿವರ್ಬ್ ಇದೆಯೆಂದು ಕಿವಿಗೆ ತಿಳಿದೊಡನೆ ಸ್ವಲ್ಪ ಹಿಂದಕ್ಕೆ ತರುವುದೇ ಉತ್ತಮ ಪದ್ಧತಿ. ಹಾಡುತ್ತಲೇ ಕೇಳಿಕೊಳ್ಳುವಾಗ ತಂತಿಯುಳ್ಳ ಹೆಡ್‌ಫೋನನ್ನು ಬಳಸತಕ್ಕದ್ದು. ಬ್ಲೂಟೂತಿನಲ್ಲಿ ಧ್ವನಿಯು ತಡವಾಗಿ ಬಂದು ತಾಳವು ತಪ್ಪುವುದು.

ಅಡಿಗೆಯಲ್ಲಿ ಉಪ್ಪು ಇಲ್ಲದಿದ್ದರೆ ಊಟ ಸೇರದು. ಉಪ್ಪೇ ಮುಂದಾದರೆ ಅನ್ನವನ್ನು ತಟ್ಟೆಯಲ್ಲಿಯೇ ಬಿಡುವೆವು. ರಿವರ್ಬಿನ ವಿಷಯದಲ್ಲಿಯೂ ಇದೇ ಅಳತೆಯು ಸಾಕು. ಹಾಡಿದವರ ಕಂಠವೂ ಅವರು ನುಡಿದ ಅಕ್ಷರವೂ ಮೊದಲು. ಮಂದಿರದ ಗುಂಗು ಆಮೇಲೆ.