ಮಾಗಿಯ ಇರುಳು ಮತ್ತು ತಂಗುವ ನೆಲ: ಬಸವಾಪಟ್ಟಣ ಸೀಮೆಯ ಅಲೆಮಾರಿಗಳು

ಕರ್ನಾಟಕದ ಅಲೆಮಾರಿ ಸಮುದಾಯಗಳನ್ನು ಕುರಿತ ಜಾನಪದ ಅಧ್ಯಯನಗಳು ಬಹುಮಟ್ಟಿಗೆ ಅವರ ಕಲೆ, ಭಾಷೆ ಹಾಗೂ ಕುಲಕಥನಗಳ ಸುತ್ತ ಬೆಳೆದಿವೆ. ಸುಡುಗಾಡುಸಿದ್ಧರ ಕೈಚಳಕ, ಹೆಳವರ ವಂಶಾವಳಿ, ಶಿಳ್ಳೇಕ್ಯಾತರ ತೊಗಲುಗೊಂಬೆ ಇವೆಲ್ಲ ದಾಖಲಾಗಿವೆ. ಆಟ ಮುಗಿದ ಮೇಲೆ ಆ ಕುಟುಂಬ ಎಲ್ಲಿ ಮಲಗುತ್ತದೆ ಎಂಬ ಪ್ರಶ್ನೆ ಮಾತ್ರ ಅಧ್ಯಯನದ ಅಂಚಿನಲ್ಲಿಯೇ ಉಳಿದಿದೆ. ಮಾರ್ಗಶಿರದಿಂದ ಶಿವರಾತ್ರಿಯವರೆಗಿನ ಮಾಗಿಯ ದಿನಗಳಲ್ಲಿ ಈ ಪ್ರಶ್ನೆ ಜೀವನ್ಮರಣದ್ದಾಗುತ್ತದೆ.

ಒಂದು ಕಾಲಕ್ಕೆ ಪಾಳೆಯಗಾರರ ನೆಲೆಯಾಗಿದ್ದ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣ ಇಂದು ಭತ್ತ ಮತ್ತು ಅಡಿಕೆಯ ಸೀಮೆ. ಇಲ್ಲಿನ ಚಳಿ ಉತ್ತರ ಭಾರತದ ಚಳಿಯಂಥದಲ್ಲ. ಜನವರಿಯ ಇರುಳಿನಲ್ಲಿ ಉಷ್ಣಾಂಶ ಸುಮಾರು 15 ಡಿಗ್ರಿಗೆ ಇಳಿಯುತ್ತದೆ, ಅಷ್ಟೆ. ಆದರೆ ಬಯಲಿನಲ್ಲಿ ಮಲಗುವವರಿಗೆ ಗಾಳಿಯ ಚಳಿಗಿಂತ ನೆಲದ ಶೀತ ಮತ್ತು ಇಬ್ಬನಿ ಹೆಚ್ಚು ಕ್ರೂರ. ಆದ್ದರಿಂದಲೇ ಅಲೆಮಾರಿಗಳ ಚಳಿಗಾಲದ ತಿಳಿವಳಿಕೆ ಹೊದಿಕೆಯಿಂದಲ್ಲ, ಹಾಸಿನಿಂದ ಆರಂಭವಾಗುತ್ತದೆ. ಕೆಳಗೆ ಭತ್ತದ ಹುಲ್ಲು, ಅದರ ಮೇಲೆ ಗೋಣಿ ಅಥವಾ ಈಚಲ ಚಾಪೆ, ಅನಂತರ ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿ. ಗುಡಾರವನ್ನು ತೀರ ತಗ್ಗಾಗಿ ಕಟ್ಟುವುದೂ ಲೆಕ್ಕಾಚಾರವೇ: ಒಳಗಿನ ಜಾಗ ಕಿರಿದಾದಷ್ಟೂ ಮೈಯ ಬಿಸಿ ಉಳಿಯುತ್ತದೆ. ಬಾಗಿಲನ್ನು ಮೂಡಗಾಳಿಗೆ ಬೆನ್ನಾಗಿಸಿ ಅದರ ಮುಂದೆ ಒಲೆ ಹೂಡುತ್ತಾರೆ. ಮಕ್ಕಳು ಮತ್ತು ಮುದುಕರು ನಡುವೆ, ಗಟ್ಟಿಗರು ಅಂಚಿಗೆ.

ಅಡಿಕೆ ಸೀಮೆಯಾದ್ದರಿಂದ ರಸ್ತೆಯ ಬದಿಯಲ್ಲಿ ಸುರಿದ ಅಡಿಕೆ ಸಿಪ್ಪೆಯೂ ಉರುವಲಾಗುತ್ತದೆ. ಅದು ಭುಗಿಲೆದ್ದು ಉರಿಯುವುದಿಲ್ಲ, ಇರುಳಿಡೀ ಒಳಗೊಳಗೇ ಬೇಯುತ್ತದೆ. ಬಿಸಿಯ ಜೊತೆಗೆ ಹೊಗೆಯನ್ನೂ ಕೆಮ್ಮನ್ನೂ ಕೊಡುತ್ತದೆ. ಈಚಲ ಚಾಪೆಯ ಮಾಡಿನ ಜಾಗಕ್ಕೆ ಈಗ ಟಾರ್ಪಾಲು, ಫ್ಲೆಕ್ಸ್ ಬಂದಿವೆ. ಚುನಾವಣೆ ನಡೆದ ವರ್ಷ ಮಾಡಿಗೆ ಬರವಿಲ್ಲ! ಫ್ಲೆಕ್ಸ್ ಇಬ್ಬನಿಯನ್ನು ತಡೆಯುತ್ತದೆ ನಿಜ, ಆದರೆ ಉಸಿರಾಡದ ಆ ಹಾಳೆಯ ಒಳಮೈಯಲ್ಲಿ ಉಸಿರಿನ ತೇವವೇ ಹನಿಗಟ್ಟಿ ಬೆಳಗಿನ ಜಾವಕ್ಕೆ ಕೌದಿಯ ಮೇಲೆ ತೊಟ್ಟಿಕ್ಕುತ್ತದೆ.

ಇವೆಲ್ಲ ಉಪಾಯಗಳು. ಉಪಾಯಕ್ಕೂ ಮೊದಲು ಬೇಕಾದದ್ದು ತಂಗಲು ಅನುಮತಿ. ಹಳೆಯ ಕೃಷಿ ವ್ಯವಸ್ಥೆಯಲ್ಲಿ ಈ ಅನುಮತಿಯ ದೊಡ್ಡ ಆಶ್ರಯ ಸುಗ್ಗಿಯ ಕಣ. ಸಗಣಿಯಿಂದ ಸಾರಿಸಿದ, ಎತ್ತರದ, ಒಣಗಿದ ನೆಲ. ಗಾಳಿಗೆ ಮರೆಯಾಗುವ ಬಣವೆ. ರಾಶಿ ಕಾಯಲು ಹೇಗೂ ಹಾಕುವ ಬೆಂಕಿ. ಚಳಿ ಏರುವ ಹೊತ್ತಿಗೆ ಸರಿಯಾಗಿ ಸುಗ್ಗಿಯೂ ಬರುತ್ತಿತ್ತು. ಹೆಳವರು ತಮ್ಮ ಒಕ್ಕಲು ಮನೆಗಳಿಗೆ ಬಂದು ವಂಶ ಹೊಗಳಿ ಕಾಳು, ಬಟ್ಟೆ, ಕಂಬಳಿ ಪಡೆಯುತ್ತಿದ್ದರು. ಕಲಾವಿದರು, ಬೇಡುವವರು ಕಣದ ಪಾಲು ಪಡೆದು ಅಲ್ಲಿಯೇ ನಾಲ್ಕು ದಿನ ತಂಗುತ್ತಿದ್ದರು. ಊರ ಚಾವಡಿ, ಗುಡಿಯ ಪೌಳಿ, ಮರದ ಕಟ್ಟೆ ಉಳಿದ ದಿನಗಳಿಗೆ ಒದಗುತ್ತಿದ್ದವು. ಇದನ್ನು ಕೇವಲ ದಾನವೆಂದು ವರ್ಗೀಕರಿಸುವುದು ಸರಿಯಲ್ಲ. ಅದು ಎರಡೂ ಕಡೆಯವರು ನೆನಪಿಟ್ಟಿದ್ದ ರೂಢಿಯ ಹಕ್ಕು. ಆದರೆ ಯಾವ ಕಾಗದದಲ್ಲಿಯೂ ಅದು ಬರೆದಿರಲಿಲ್ಲ.

ಭದ್ರಾ ನಾಲೆಯ ನೀರು ಬಂದ ಮೇಲೆ ಈ ರೂಢಿಯ ನೆಲೆಯೇ ಕರಗಿತು. ಮುಂಗಾರಿನ ಭತ್ತ ಕೊಯ್ದ ಬೆನ್ನಿಗೇ ಬೇಸಿಗೆ ಬೆಳೆಗೆ ಗದ್ದೆ ಹದವಾಗುತ್ತದೆ. ಹಿಂದೆ ಬಯಲಾಗಿ ಬಿದ್ದಿರುತ್ತಿದ್ದ ನೆಲ ಮಾಗಿಯಲ್ಲಿಯೇ ಕೆಸರಾಗುತ್ತದೆ. ಕಟಾವು ಯಂತ್ರ ಗದ್ದೆಯಲ್ಲಿಯೇ ಕಾಳು ಬೇರ್ಪಡಿಸುವುದರಿಂದ ಕಣ ಬೇಕಿಲ್ಲ. ಹುಲ್ಲನ್ನೂ ಯಂತ್ರ ಸುರುಳಿ ಸುತ್ತಿ ಮಾರಾಟಕ್ಕೆ ಒದಗಿಸುತ್ತದೆ. ಅಡಿಕೆ ತೋಟಗಳಿಗೆ ಬೇಲಿ ಬಿದ್ದಿದೆ. ಊರು ಶ್ರೀಮಂತವಾದಷ್ಟೂ ತಂಗುವ ನೆಲ ಕಿರಿದಾಯಿತು ಎಂಬುದು ವಿಪರ್ಯಾಸದ ಮಾತಾದರೂ ನಿಜ.

ಇಲ್ಲಿ ಒಂದು ಹೋಲಿಕೆ ಗಮನಾರ್ಹ. ಬಯಲುಸೀಮೆಯ ಕುರಿಗಾಹಿಯೂ ಮಾಗಿಯಲ್ಲಿ ಹೊಲದಲ್ಲಿಯೇ ಕಂಬಳಿ ಹೊದ್ದು ಮಲಗುತ್ತಾನೆ. ಆದರೆ ಕುರಿ ಗೊಬ್ಬರ ಬೇಕಾದ ರೈತ ಅವನನ್ನು ಕರೆದು ಮಂದೆ ನಿಲ್ಲಿಸಿಕೊಳ್ಳುತ್ತಾನೆ. ಅವನ ಹಟ್ಟಿ, ಪಡಿತರ ಚೀಟಿ ಸ್ವಂತ ಊರಿನಲ್ಲಿ ಭದ್ರವಾಗಿವೆ. ಚಳಿ ಒಂದೇ, ಬಯಲೂ ಒಂದೇ. ಅವನು ಮಾತ್ರ ವಸತಿಹೀನನಲ್ಲ.

ವಸತಿಹೀನತೆ ಉಳಿದು ಬಂದಿರುವುದಕ್ಕೆ ಅಲೆದಾಟದ ಚಟ ಕಾರಣವೆಂಬ ವಾದ ಹಳೆಯದು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಅಲೆಮಾರಿತನವನ್ನೇ ಅನುಮಾನಕ್ಕೆ ಗುರಿ ಮಾಡಿತು. 1952ರಲ್ಲಿ ಅದು ರದ್ದಾದರೂ ಊರ ಹೊರಗಿನ ಗುಡಾರವನ್ನು ಕಂಡರೆ ಹುಟ್ಟುವ ಅನುಮಾನ ರದ್ದಾಗಲಿಲ್ಲ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯ ಅನಂತರ ಬೇಡುವುದೂ ಅಪರಾಧವಾಯಿತು. 2011ರ ಜನಗಣತಿ ಫೆಬ್ರವರಿ 28ರ ಒಂದೇ ರಾತ್ರಿಯಲ್ಲಿ ಮನೆಯಿಲ್ಲದವರನ್ನು ಎಣಿಸಿ, ದೇಶದಲ್ಲಿ ಸುಮಾರು 17.7 ಲಕ್ಷ ಜನರನ್ನು ಗುರುತಿಸಿತು. ದಿನಕ್ಕೊಂದು ಊರಿನ ಅಂಚಿನಲ್ಲಿರುವವರು ಅಂಥ ಎಣಿಕೆಗೆ ಸಿಗುವುದು ಸುಲಭವಲ್ಲ. ದೆಹಲಿಯ ಚಳಿಯ ಸಾವುಗಳ ಹಿನ್ನೆಲೆಯಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶಗಳಿಂದ ರಾತ್ರಿ ವಸತಿಗೃಹಗಳು ಬಂದವು. ಅವು ನಗರಗಳಿಗೆ, ಬಸವಾಪಟ್ಟಣದಂಥ ಹೋಬಳಿ ಕೇಂದ್ರಕ್ಕಲ್ಲ.

ಮನೆಯ ಯೋಜನೆಗಳು ನಿವೇಶನವನ್ನು ಕೇಳುತ್ತವೆ, ನಿವೇಶನ ವಾಸದ ದಾಖಲೆಯನ್ನು ಕೇಳುತ್ತದೆ, ದಾಖಲೆ ಸ್ಥಿರ ವಿಳಾಸವನ್ನು ಕೇಳುತ್ತದೆ. ಭೂಸುಧಾರಣಾ ಕಾಯ್ದೆಗೆ 2016ರ ತಿದ್ದುಪಡಿಯ ಮೂಲಕ ಸೇರಿದ 38ಎ ಕಲಮು ಲಂಬಾಣಿ ತಾಂಡ, ಗೊಲ್ಲರಹಟ್ಟಿಗಳಂಥ ದಾಖಲೆಯಿಲ್ಲದ ವಸತಿಗಳ ನಿವಾಸಿಗಳಿಗೆ ಹಕ್ಕು ನೀಡಿತು. ಇದು ನಿಜಕ್ಕೂ ದೊಡ್ಡ ಹೆಜ್ಜೆ. ಆದರೂ ಅದು ಈಗಾಗಲೇ ಒಂದೆಡೆ ನೆಲೆನಿಂತವರ ಹಕ್ಕು. ಎಲ್ಲಿಯೂ ಮೂರು ತಿಂಗಳು ನಿಲ್ಲಗೊಡದ ಕುಟುಂಬ ಅದರ ವ್ಯಾಪ್ತಿಗೆ ಬರುವುದಿಲ್ಲ.

ಇದೇ ತಾಲ್ಲೂಕಿನ ಅಸ್ತಾಪನಹಳ್ಳಿ, ಗೋಪನಾಳುಗಳಲ್ಲಿ ಹಕ್ಕಿಪಿಕ್ಕಿ ಸಮುದಾಯ ನೆಲೆನಿಂತಿದೆ. ಅಲ್ಲಿ ಮನೆ, ಶಾಲೆ, ಮತದಾರರ ಪಟ್ಟಿ ಎಲ್ಲವೂ ಇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಬೇಟೆ ನಿಂತ ಮೇಲೆ ವ್ಯಾಪಾರಕ್ಕಾಗಿ ಅಲೆಯುವುದು ಮುಂದುವರಿಯಿತು. 2023ರ ಏಪ್ರಿಲ್‌ನಲ್ಲಿ ಸುಡಾನಿನ ಯುದ್ಧದ ನಡುವೆ ಸಿಲುಕಿದ ಗಿಡಮೂಲಿಕೆ ವ್ಯಾಪಾರಿಗಳಲ್ಲಿ ಚನ್ನಗಿರಿ ತಾಲ್ಲೂಕಿನವರೂ ಇದ್ದರು. ಅವರು ಅಷ್ಟು ದೂರ ಹೋಗಿಯೂ ಮರಳಿ ಬಂದದ್ದು ತಮ್ಮ ಮನೆಗೆ. ಗುಡಾರದವರಿಗೆ ಮರಳಲು ಉಳಿದಿರುವುದು ಡಾಂಬರು ರಸ್ತೆಗೂ ನಾಲೆಯ ಏರಿಗೂ ನಡುವಿನ ಪಟ್ಟಿ. ಅದು ಸರ್ಕಾರದ ಜಾಗ. ಅಡಿಕೆ ಸಿಪ್ಪೆಯನ್ನು ಸುರಿಯುವುದೂ ಅಲ್ಲಿಯೇ.