ನೀಲಿಗೆ ಇಡೀ ಕೋಣೆಯೇ ಬೇಕು

1876ರಲ್ಲಿ ಲಂಡನ್ನಿನ ಪ್ರಿನ್ಸಸ್ ಗೇಟ್‌ನ 49ನೇ ನಂಬರಿನ ಮನೆಯಲ್ಲಿ ಊಟದ ಕೋಣೆಯೊಂದು ಸಿದ್ಧವಾಗುತ್ತಿತ್ತು. ಮನೆಯ ಯಜಮಾನ ಲಿವರ್‌ಪೂಲಿನ ಹಡಗು ಉದ್ಯಮಿ ಫ್ರೆಡರಿಕ್ ಲೇಲ್ಯಾಂಡ್. ಚೀನಾದ ನೀಲಿ-ಬಿಳಿ ಪಿಂಗಾಣಿ ಕೂಡಿಡುವ ಹುಚ್ಚು ಆತನಿಗೆ. ಆ ಹೂಜಿ, ತಟ್ಟೆಗಳನ್ನು ಜೋಡಿಸಲೆಂದೇ ವಾಸ್ತುಶಿಲ್ಪಿ ಥಾಮಸ್ ಜೆಕಿಲ್ ಗೋಡೆಗೆಲ್ಲ ಚಿತ್ತಾರದ ಚರ್ಮ ಹೊದಿಸಿ, ಅದರ ಮುಂದೆ ಅಕ್ರೋಟು ಮರದ ಕಪಾಟು ಕಟ್ಟಿದ್ದ. ಬಾಗಿಲು, ಕಿಟಕಿಗಳಿಗೆ ಯಾವ ಬಣ್ಣ ಒಪ್ಪೀತು ಎಂದು ಚಿತ್ರಕಾರ ಜೇಮ್ಸ್ ವಿಸ್ಲರ್‌ನನ್ನು ಕೇಳಿದರು. ಕೇಳಿದ್ದು ಅಷ್ಟೇ. ಯಜಮಾನ ಲಿವರ್‌ಪೂಲಿಗೆ ಹೊರಟುಹೋದ ಮೇಲೆ ವಿಸ್ಲರ್ ಬೆಲೆಬಾಳುವ ಆ ಚರ್ಮದ ಮೇಲೆಯೇ ಪ್ರಷ್ಯನ್ ಬ್ಲೂ ಬಳಿದ. ಛಾವಣಿಯ ತುಂಬ ನವಿಲುಗರಿಯ ವಿನ್ಯಾಸ ಬರೆದ. ಕಿಟಕಿಯ ಕದಗಳ ಮೇಲೆ ಬಂಗಾರದ ನವಿಲುಗಳು ಬಂದು ನಿಂತವು.

ಹಿಂದಿರುಗಿದ ಲೇಲ್ಯಾಂಡ್ ಕೆಂಡವಾದ. ವಿಸ್ಲರ್ ಕೇಳಿದ್ದು ಎರಡು ಸಾವಿರ ಗಿನಿ, ಲೇಲ್ಯಾಂಡ್ ಕೊಟ್ಟದ್ದು ಒಂದು ಸಾವಿರ ಪೌಂಡು. ಕಲಾವಿದರಿಗೆ ಗಿನಿಯ ಲೆಕ್ಕದಲ್ಲಿ, ವ್ಯಾಪಾರಸ್ಥರಿಗೆ ಪೌಂಡಿನ ಲೆಕ್ಕದಲ್ಲಿ ಹಣ ಕೊಡುವ ಕಾಲ ಅದು. ಅರ್ಧ ಹಣಕ್ಕಿಂತ ಈ ಅವಮಾನವೇ ದೊಡ್ಡದಾಗಿತ್ತು. ವಿಸ್ಲರ್ ಒಂದು ಗೋಡೆಯ ಮೇಲೆ ಕಾದಾಡುವ ಎರಡು ನವಿಲುಗಳನ್ನು ಬರೆದು, ಒಂದರ ಕಾಲ ಬುಡದಲ್ಲಿ ಬೆಳ್ಳಿಯ ನಾಣ್ಯಗಳನ್ನು ಚೆಲ್ಲಿ, 1877ರಲ್ಲಿ ಆ ಮನೆಯಿಂದ ಹೊರಬಿದ್ದ.

ಜಗಳದ ಕಥೆ ಎಲ್ಲರ ಬಾಯಲ್ಲೂ ಉಳಿಯಿತು. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಅಷ್ಟು ಸಿಟ್ಟಾದ ಲೇಲ್ಯಾಂಡ್ ಆ ಬಣ್ಣವನ್ನು ಕೆರೆಸಲಿಲ್ಲ. 1892ರಲ್ಲಿ ಸಾಯುವ ತನಕ ಕೋಣೆಯನ್ನು ಹಾಗೆಯೇ ಇಟ್ಟುಕೊಂಡ. ಮುಂದೆ ಅಮೆರಿಕದ ಚಾರ್ಲ್ಸ್ ಲ್ಯಾಂಗ್ ಫ್ರೀಯರ್ 1904ರಲ್ಲಿ ಇಡೀ ಕೋಣೆಯನ್ನೇ ಕೊಂಡು, ಬಿಚ್ಚಿಸಿ, ಸಮುದ್ರ ದಾಟಿಸಿದರು. ವಾಷಿಂಗ್ಟನ್ನಿನ ಫ್ರೀಯರ್ ಗ್ಯಾಲರಿಯಲ್ಲಿ 1923ರಿಂದ ಅದು ಸಾರ್ವಜನಿಕರಿಗೆ ತೆರೆದಿದೆ.

ಆ ಕೋಣೆ ಗೆದ್ದದ್ದು ಧೈರ್ಯ ಪೂರ್ತಿಯಾಗಿದ್ದುದರಿಂದ. ಗೋಡೆ, ಛಾವಣಿ, ಕದ, ಕಪಾಟಿನ ಹಿಂಬದಿ ಎಲ್ಲವನ್ನೂ ವಿಸ್ಲರ್ ಒಂದೇ ಬಣ್ಣದ ಸಂಸಾರಕ್ಕೆ ಸೇರಿಸಿದ್ದ. ಈಗಿನ ಫ್ಲ್ಯಾಟುಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಟಿ.ವಿ. ಹಿಂದಿನ ಒಂದು ಗೋಡೆಗೆ ಮಾತ್ರ ಗಾಢ ನೀಲಿ ಬಳಿಸಿ, ಉಳಿದ ಮೂರನ್ನು ಬಿಳಿ ಬಿಡುತ್ತಾರೆ. ಬಿಳಿಯ ಪಕ್ಕದಲ್ಲಿ ನೀಲಿ ಇನ್ನಷ್ಟು ಕಪ್ಪಾಗಿ ಕಾಣುತ್ತದೆ, ಕಣ್ಣು ಪ್ರತಿಸಲ ಆ ಮೂಲೆಯ ಗೆರೆಗೇ ಹೋಗಿ ನಿಲ್ಲುತ್ತದೆ. ನಾಲ್ಕೂ ಗೋಡೆಗೆ ಅದೇ ಬಣ್ಣ ಬಂದಾಗ ಮೂಲೆಗಳು ಮೆತ್ತಗಾಗುತ್ತವೆ, ಕೋಣೆ ಎಲ್ಲಿ ಮುಗಿಯಿತೆಂಬುದು ಥಟ್ಟನೆ ತಿಳಿಯುವುದಿಲ್ಲ. ಚಿಕ್ಕ ಕೋಣೆಗೆ ಗಾಢ ಬಣ್ಣ ಬೇಡವೆಂಬ ನಂಬಿಕೆಯನ್ನು ಧಾರಾಳವಾಗಿ ಕೈಬಿಡಬಹುದು. ಓದುವ ಕೋಣೆ, ಮಲಗುವ ಕೋಣೆ, ಊಟದ ಜಾಗ ಇವಕ್ಕೆ ನೀಲಿ ಚೆನ್ನಾಗಿ ಒದಗುತ್ತದೆ.

ಬೆಳಕಿನ ಲೆಕ್ಕವನ್ನು ಮಾತ್ರ ಮರೆಯುವಂತಿಲ್ಲ. ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 80ಕ್ಕೂ ಹೆಚ್ಚನ್ನು ಹಿಂದಕ್ಕೆ ಕೊಡುತ್ತದೆ. ಕಡುನೀಲಿ ಕೊಡುವುದು ಶೇಕಡಾ 10ಕ್ಕಿಂತ ಕಡಿಮೆ. ಆದ್ದರಿಂದ ಛಾವಣಿಯ ನಡುವಿನ ಒಂದೇ ಬಲ್ಬು ಇಂಥ ಕೋಣೆಗೆ ಸಾಲದು. ಅಲ್ಲಲ್ಲಿ ಮೇಜುದೀಪ, ಗೋಡೆದೀಪ ಬೇಕು. ಲೇಲ್ಯಾಂಡನ ಕೋಣೆಯಲ್ಲೂ ಛಾವಣಿಯಿಂದ ಸಾಲಾಗಿ ಗ್ಯಾಸಿನ ತೂಗುದೀಪಗಳು ಇಳಿಬಿದ್ದಿದ್ದವು. ಸಂಜೆಯ ಮಬ್ಬಿನಲ್ಲಿ ಕೆಂಪು ಬೇಗ ಕಪ್ಪಾಗುತ್ತದೆ, ನೀಲಿ ಹೆಚ್ಚು ಹೊತ್ತು ಉಳಿಯುತ್ತದೆ. ನಮ್ಮ ಕಣ್ಣಿನ ಈ ಗುಣವನ್ನು 19ನೇ ಶತಮಾನದ ಆರಂಭದಲ್ಲಿ ಗುರುತಿಸಿದವರು ಚೆಕ್ ವಿಜ್ಞಾನಿ ಪುರ್ಕಿನ್ಯೆ. ಹೆಚ್ಚು ಹಳದಿಯಾದ ಬಲ್ಬಿನ ಕೆಳಗೆ ಅದೇ ನೀಲಿ ಮಂಕಾಗುತ್ತದೆ, ಹಸಿರಿಗೂ ವಾಲಬಹುದು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಮೆಚ್ಚಿದ ಬಣ್ಣ ಮನೆಗೆ ಬಂದ ಮೇಲೆ ಬೇರೆಯಾಗಿ ಕಾಣುವುದು ಇದರಿಂದಲೇ.

ನೀಲಿ ಬಡವರ ಮನೆಗೂ ಬಂದ ದಾರಿ ಸ್ವಾರಸ್ಯವಾದದ್ದು. ಅಲ್ಟ್ರಾಮರೀನ್ ಎಂಬ ಆಳವಾದ ನೀಲಿಯನ್ನು ಹಿಂದೆ ಅಫ್ಘಾನಿಸ್ತಾನದ ಬದಕ್‌ಷಾನ್ ಗಣಿಗಳ ಲಾಪಿಸ್ ಲಾಜುಲಿ ಕಲ್ಲನ್ನು ಅರೆದು ತೆಗೆಯುತ್ತಿದ್ದರು. ಅದು ಬಲು ದುಬಾರಿ. ಕಡಿಮೆ ಬೆಲೆಗೆ ಅದನ್ನು ತಯಾರಿಸಿದವರಿಗೆ 6,000 ಫ್ರಾಂಕ್ ಬಹುಮಾನವೆಂದು 1824ರಲ್ಲಿ ಫ್ರಾನ್ಸಿನ ಸಂಸ್ಥೆಯೊಂದು ಸಾರಿತು. 1828ರಲ್ಲಿ ಜ್ಯಾಂ-ಬ್ಯಾಪ್ಟಿಸ್ಟ್ ಗಿಮೆ ಅದನ್ನು ಗೆದ್ದ. ಜೇಡಿಮಣ್ಣು, ಸೋಡಾ, ಗಂಧಕ, ಇದ್ದಿಲು ಸೇರಿಸಿ ಕಾಯಿಸಿದರೆ ಅದೇ ನೀಲಿ ಸಿಗತೊಡಗಿತು. ಬಿಳಿ ಬಟ್ಟೆಗೆ ಹಾಕುವ ನೀಲಿಯ ಪುಡಿಗೂ ಇದೇ ಬಳಕೆಯಾಯಿತು. ಕರ್ನಾಟಕದ ಹಳ್ಳಿಗಳಲ್ಲಿ ಸುಣ್ಣ ಬಳಿಯುವವರು ಗಡಿಗೆಗೆ ಒಂದು ಚಿಟಿಕೆ ನೀಲಿ ಹಾಕುತ್ತಿದ್ದರು, ಬಿಳುಪು ಹೊಳೆಯಲಿ ಎಂದು. ಇನ್ನೊಂದಷ್ಟು ಹಾಕಿದರೆ ಗೋಡೆಯೇ ತಿಳಿನೀಲಿ. ಅವರ ಆಯ್ಕೆ ರಸಾಯನದ ದೃಷ್ಟಿಯಿಂದಲೂ ಸರಿ: ಅಲ್ಟ್ರಾಮರೀನ್ ಸುಣ್ಣದ ಕ್ಷಾರವನ್ನು ತಡೆದುಕೊಳ್ಳುತ್ತದೆ. ವಿಸ್ಲರ್ ಬಳಸಿದ ಪ್ರಷ್ಯನ್ ಬ್ಲೂ ಸುಣ್ಣಕ್ಕೆ ಬಿದ್ದರೆ ಕಂದಾಗಿ ಕೆಡುತ್ತದೆ.

ನೀಲಿಗೆ ಜೊತೆ ಬೇಕು, ಅದೂ ಬೆಚ್ಚಗಿನ ಜೊತೆ. ಫ್ರಾನ್ಸಿನ ಜಿವರ್ನಿಯಲ್ಲಿ ಚಿತ್ರಕಾರ ಕ್ಲೋಡ್ ಮೊನೆಯ ಅಡುಗೆಮನೆ ನೀಲಿ ಹೆಂಚುಗಳದ್ದು. ಅಲ್ಲಿ ತೂಗುವುದು ತಾಮ್ರದ ಪಾತ್ರೆಗಳು, ಪಕ್ಕದ ಊಟದ ಕೋಣೆ ಪೂರ್ತಿ ಹಳದಿ. ಅಷ್ಟು ದೂರವೇಕೆ, ಮೈಸೂರು ಅರಮನೆಯ ಕಲ್ಯಾಣ ಮಂಟಪಕ್ಕೆ ಹೋದರೆ ಸಾಕು. 1897ರ ಬೆಂಕಿಯ ನಂತರ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ 1912ರ ಹೊತ್ತಿಗೆ ಮುಗಿದ ಅರಮನೆ ಅದು. ನವಿಲುಗಳ ಬಣ್ಣದ ಗಾಜಿನ ಛಾವಣಿಯ ಕೆಳಗೆ ಎರಕದ ಕಬ್ಬಿಣದ ಕಂಬಗಳು ನವಿಲಿನ ಕೊರಳಿನ ನೀಲಿ-ಹಸಿರಿನಲ್ಲಿ, ಬಂಗಾರದ ಅಂಚಿನಲ್ಲಿ ನಿಂತಿವೆ. ಸಾಮಾನ್ಯ ಮನೆಗೆ ಬಂಗಾರ ಬೇಕಿಲ್ಲ. ಹಿತ್ತಾಳೆಯ ದೀಪ, ತೇಗದ ಬಾಗಿಲು, ಹಲಸಿನ ಮರದ ಪೆಟ್ಟಿಗೆ, ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಆ ಕೆಲಸವನ್ನು ಸೊಗಸಾಗಿ ಮಾಡುತ್ತವೆ. ಬೂದು ಸೋಫಾ, ಉಕ್ಕಿನ ಹಿಡಿಕೆ, ಬಿಳಿ ಎಲ್‌ಇಡಿ ಸೇರಿದರೆ ಮಾತ್ರ ಕೋಣೆ ಕೊರೆಯುತ್ತದೆ.

ಇನ್ನು ಕೆಲಸದ ವಿಚಾರ. ತಿಳಿ ಬಣ್ಣಗಳಲ್ಲಿ ಟೈಟಾನಿಯಂ ಡೈಆಕ್ಸೈಡ್ ಹೇರಳವಾಗಿರುತ್ತದೆ. ಗೋಡೆಯ ಕಲೆಗಳನ್ನು ಮುಚ್ಚುವುದು ಅದೇ. ಗಾಢ ನೀಲಿ ತಯಾರಿಸುವ ಡೀಪ್ ಬೇಸ್‌ನಲ್ಲಿ ಅದು ತೀರ ಕಡಿಮೆ. ಎರಡು ಕೋಟು ಬಳಿದರೂ ಕೆಳಗಿನ ಬಿಳಿ ಇಣುಕುವುದರಿಂದ ಮೂರನೆಯದಕ್ಕೂ ಹಣ ಎತ್ತಿಡಬೇಕು. ಪ್ರೈಮರನ್ನೇ ಬೂದು ಬಣ್ಣಕ್ಕೆ ತಿರುಗಿಸಿಕೊಂಡರೆ ಉಳಿತಾಯವಾದೀತು. ಪೇಂಟರು ಅರ್ಧ ಗೋಡೆ ಬಳಿದು ಊಟಕ್ಕೆ ಎದ್ದರೆ ನಡುವಿನ ಗೆರೆ ಕೊನೆಯವರೆಗೂ ಉಳಿಯುತ್ತದೆ. ಒಂದು ಗೋಡೆ ಒಂದೇ ಓಟದಲ್ಲಿ ಮುಗಿಯಬೇಕು. ಪೂರ್ತಿ ಮ್ಯಾಟ್ ಬಣ್ಣ ನೋಡಲು ಚೆಂದ, ಆದರೆ ಕೈ ತಾಗಿದಲ್ಲೆಲ್ಲ ಗುರುತು. ಮಕ್ಕಳಿರುವ ಮನೆಗೆ ಸ್ವಲ್ಪ ಹೊಳಪಿನದು ಮೇಲು.

ಎಲ್ಲಕ್ಕಿಂತ ದೊಡ್ಡ ಶತ್ರು ತೇವ. ಒದ್ದೆ ಗೋಡೆ ಒಣಗುವಾಗ ಉಪ್ಪು ಹೊರಬರುತ್ತದೆ. ಬಿಳಿಯ ಮೇಲೆ ಕಾಣದ ಆ ಹುಡಿ ನೀಲಿಯ ಮೇಲೆ ದೂರದಿಂದಲೇ ಎದ್ದು ಕಾಣುತ್ತದೆ. ಹೊಸ ಗಾರೆಯನ್ನು ಕನಿಷ್ಠ ನಾಲ್ಕು ವಾರ ಬಿಡಬೇಕು. ದೀಪಾವಳಿಗೆಂದು ಮಳೆ ನಿಂತ ಮರುವಾರವೇ ಪೇಂಟರನ್ನು ಕರೆಸುವ ರೂಢಿ ನೀಲಿಗೆ ಹೇಳಿಸಿದ್ದಲ್ಲ. ಮಲೆನಾಡು, ಕರಾವಳಿಯವರು ಫೆಬ್ರುವರಿ, ಮಾರ್ಚ್‌ವರೆಗೆ ಕಾಯುವುದು ಒಳ್ಳೆಯದು. ಅಲ್ಲಿಯವರೆಗೆ ಒಂದು ಚಿಕ್ಕ ಡಬ್ಬಿ ತಂದು ದೊಡ್ಡ ರಟ್ಟಿನ ಮೇಲೆ ಎರಡು ಕೋಟು ಬಳಿದು, ಅದನ್ನು ಬೇರೆ ಬೇರೆ ಗೋಡೆಗೆ ಆನಿಸಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನಿಮ್ಮದೇ ದೀಪದಲ್ಲಿ ನೋಡಿ. ಮೂರು ಹೊತ್ತೂ ಒಪ್ಪಿಗೆಯಾದರೆ ಹಿಂಜರಿಯದೆ ನಾಲ್ಕೂ ಗೋಡೆಗೆ ಬಳಿಸಿ.